ತುಕ್ಕು ಅಂದರೆ ಬರೀ ಕಿತ್ತಳೆ ಬಣ್ಣ ಅಲ್ಲ

ನಿಮ್ಮ ಮಾದರಿ ರೈಲಿನ 1:87 ಅಳತೆಯ (ಅಸಲಿಯ 87ನೇ ಒಂದು ಭಾಗದಷ್ಟು) ಕಲ್ಲಿದ್ದಲು ವ್ಯಾಗನ್‌ಗೆ ತುಕ್ಕಿನ ಬಣ್ಣ ಬಳಿದರೆ ಆಟಿಕೆಯಂತೆ ಕಾಣುತ್ತದೆ ಅಂದಿದ್ದೀರಿ. ಕಿತ್ತಳೆ ಜಾಸ್ತಿ ಆಗಿರಬೇಕು. ಒಮ್ಮೆ ಲೋಂಡಾ ಸ್ಟೇಷನ್ನಿನಲ್ಲಿ ನಿಂತು ಗೂಡ್ಸ್ ಗಾಡಿ ನೋಡಿ ಸರ್. ಹಳೇ ತುಕ್ಕು ಗಾಢ ಕಂದು, ಕಿತ್ತಳೆ ಅಲ್ಲಲ್ಲಿ ಅಷ್ಟೇ. ಕಂದು ಅಕ್ರಿಲಿಕ್‌ಗೆ ನೀರು ಬೆರೆಸಿ ತೆಳ್ಳಗೆ ಬಳಿಯಿರಿ. ಒಣಗಿದ ಮೇಲೆ ಇನ್ನೊಮ್ಮೆ. ಕಿತ್ತಳೆಯನ್ನು ಹರಿದ ಸ್ಪಂಜಿನ ತುಂಡಿನಿಂದ ಚುಕ್ಕೆ ಚುಕ್ಕೆಯಾಗಿ ಒತ್ತಿ. ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್. ಚಕ್ರ ಹಳಿಗೆ ತಾಗುವ ಜಾಗಕ್ಕೆ ಮಾತ್ರ ಬಣ್ಣ ಬೇಡ.

ಮಾದರಿಯ ಹಳಿ ಸುತ್ತಲಿನ ನೆಲಕ್ಕೆ ನಮ್ಮ ವಿಜಯಪುರದ ಎರೆ ಮಣ್ಣೇ ಸಾಕು, ಅಂಗಡಿ ಪುಡಿಗೆ ಸುಮ್ನೆ ದುಡ್ಡು ಯಾಕೆ? ಬಿಸಿಲಲ್ಲಿ ಒಣಗಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣ ಉಳಿದರೆ ಇಂಜಿನ್ನಿನ ಮೋಟಾರಿಗೆ ಅಂಟುತ್ತದೆ. ನನ್ನದೊಂದು ಹಾಗೇ ಹೋಯಿತು! ಮಣ್ಣು ಕೂರಿಸಲು ಹಾಕುವ ಅಂಟು ಬಿದ್ದ ಮೇಲೆ ಅದು ಇನ್ನೂ ಕಪ್ಪಾಗುತ್ತದೆ, ಮೊದಲೇ ಸ್ವಲ್ಪ ಸೀಮೆಸುಣ್ಣದ ಪುಡಿ ಬೆರೆಸಿ.