ಬ್ಲೆಂಡೆಡ್ ಸ್ಕಾಚ್: ಮೊದಲ ಗುಟುಕಿಗೆ ಸೋಡಾ ಬೇಡ

(ಈ ವಾರ ಉತ್ತರಿಸುವವರು ಬಳ್ಳಾರಿಯ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು)

ಪ್ರಶ್ನೆ: ದೀಪಾವಳಿಗೆ ಬಂದ ಅಳಿಯ ಟೀಚರ್ಸ್ ಹೈಲ್ಯಾಂಡ್ ಕ್ರೀಮ್ ಎಂಬ ಬ್ಲೆಂಡೆಡ್ ಸ್ಕಾಚ್ ವಿಸ್ಕಿಯ ಬಾಟಲಿಯೊಂದನ್ನು ಕೊಟ್ಟರು. ‘ಸವಿಯಬೇಕಾದದ್ದು ಸಿಂಗಲ್ ಮಾಲ್ಟ್. ಬ್ಲೆಂಡೆಡ್ ಆದರೆ ಸೋಡಾ, ಐಸ್ ಹಾಕಿ ಮುಗಿಸಿಬಿಡಿ’ ಎನ್ನುತ್ತಾರೆ ಗೆಳೆಯರು. ನಿಜವೇ? ಸವಿಯುವ ಕ್ರಮ ಹೇಗೆ?
– ಓದುಗರು, ಸಿಂಧನೂರು

ಉತ್ತರ: ಗೆಳೆಯರ ಮಾತನ್ನು ಒಪ್ಪಬೇಡಿ. ಬೆಲೆ ನೋಡಿ ರುಚಿಗೆ ಮರ್ಯಾದೆ ಕೊಡುವುದು ನನಗೆ ಹಿಡಿಸದ ಮಾತು. ಬ್ಲೆಂಡೆಡ್ ಸ್ಕಾಚ್‌ನಲ್ಲಿ ಎರಡು ಬಗೆಯ ವಿಸ್ಕಿ ಇರುತ್ತದೆ. ಒಂದು, ಮೊಳಕೆ ಬರಿಸಿದ ಬಾರ್ಲಿಯಿಂದ ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸಿದ ಮಾಲ್ಟ್ (ಒಂದೇ ಭಟ್ಟಿಯ ಮಾಲ್ಟ್ ಮಾತ್ರ ಇದ್ದರೆ ಅದೇ ಸಿಂಗಲ್ ಮಾಲ್ಟ್). ಇನ್ನೊಂದು, ಗೋಧಿ ಅಥವಾ ಮೆಕ್ಕೆಜೋಳದಿಂದ ಎತ್ತರದ ಕಂಬದಂಥ ಯಂತ್ರದಲ್ಲಿ ಇಳಿಸಿದ ಗ್ರೇನ್. ಎರಡೂ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಮಾಗಿರಬೇಕೆಂಬುದು ಅಲ್ಲಿನ ಕಾನೂನು. ಎಣ್ಣೆಗಾಯಿಗೆ ಜೋಳದ ರೊಟ್ಟಿ ಹೇಗೋ ಮಾಲ್ಟ್‌ಗೆ ಗ್ರೇನ್ ಹಾಗೆ: ಖಾರವನ್ನು ಹದಕ್ಕೆ ತಂದು ತನ್ನ ಸೌಮ್ಯವಾದ ಸಿಹಿಯನ್ನೂ ಕೊಡುತ್ತದೆ.

ಟೀಚರ್ಸ್ ಗ್ಲಾಸ್ಗೋದ ಹಳೆಯ ಮನೆತನದ ಸರಕು. ಹೈಲ್ಯಾಂಡ್ ಕ್ರೀಮ್ ಎಂಬ ಹೆಸರು 1884ರಲ್ಲಿ ನೋಂದಣಿಯಾಯಿತು. ಅದಕ್ಕೆ ಬೇಕಾದ ಮಾಲ್ಟ್‌ಗಾಗಿಯೇ 1898ರಲ್ಲಿ ಆರ್ಡ್‌ಮೋರ್ ಭಟ್ಟಿ ಕಟ್ಟಿದರು. ಅಲ್ಲಿ ಬಾರ್ಲಿಯನ್ನು ಒಣಗಿಸಲು ಪೀಟ್ ಉರಿಸುತ್ತಾರೆ. ಪೀಟ್ ಎಂದರೆ ಜವುಗು ನೆಲದಿಂದ ಅಗೆದು ಒಣಗಿಸಿದ, ಅರೆಕೊಳೆತ ಸಸ್ಯದ ಹೆಂಟೆ. ನಿಮ್ಮ ಬಾಟಲಿಯ ತೆಳು ಹೊಗೆವಾಸನೆಯ ಮೂಲ ಅದು.

ಇನ್ನು ಕ್ರಮ. ಬಾಯಿ ಕಿರಿದಾದ ಸಣ್ಣ ಗಾಜಿನ ಲೋಟಕ್ಕೆ 30 ಮಿಲಿ ಸುರಿಯಿರಿ. ಮೂಗನ್ನು ಲೋಟದೊಳಗೆ ತೂರಿಸಬೇಡಿ, ಆಲ್ಕೋಹಾಲಿನ ಉರಿ ಬಿಟ್ಟು ಬೇರೇನೂ ತಿಳಿಯದು. ಪ್ರಯೋಗಾಲಯದಲ್ಲಿ ಆವಿಯನ್ನು ಅಂಗೈಯಿಂದ ಮೂಗಿನತ್ತ ಬೀಸಿಕೊಂಡು ಮೂಸಲು ಮಕ್ಕಳಿಗೆ ಕಲಿಸುತ್ತಿದ್ದೆ. ಇಲ್ಲಿಯೂ ಅದೇ ಸರಿ. ಬಾಯಿ ತುಸು ತೆರೆದಿರಲಿ. ಮೊದಲು ಬೆಲ್ಲದ ಪಾಕ, ಆಮೇಲೆ ಸೇಬು, ಒಣದ್ರಾಕ್ಷಿ, ಕೊನೆಗೆ ಆರಿದ ಒಲೆಯ ಹೊಗೆ: ನನಗೆ ಸಿಗುವುದು ಈ ಸಾಲು. ನಿಮಗೆ ಬೇರೆ ಸಿಕ್ಕರೆ ನಿಮ್ಮದನ್ನೇ ನಂಬಿ. ಸಣ್ಣ ಗುಟುಕನ್ನು ನಾಲಿಗೆಯ ಮೇಲೆಲ್ಲ ಆಡಿಸಿ, ನಿಧಾನವಾಗಿ ನುಂಗಿ, ಉಸಿರನ್ನು ಮೂಗಿನಿಂದ ಬಿಡಿ. ಹೊಗೆ ಆಗಲೇ ಚೆನ್ನಾಗಿ ತಿಳಿಯುತ್ತದೆ.

ಎರಡನೆಯ ಗುಟುಕಿಗೆ ಮುನ್ನ ನೀರು ಬೆರೆಸಿ. ನಮ್ಮಲ್ಲಿ ಮಾರುವ ಈ ಬಾಟಲಿಯ ಮೇಲೆ ಆಲ್ಕೋಹಾಲ್ ಶೇ 42.8 ಎಂದಿರುತ್ತದೆ. 30 ಮಿಲಿಗೆ 15 ಮಿಲಿ ನೀರು ಸೇರಿಸಿದರೆ ಅದು ಸುಮಾರು ಶೇ 28.5ಕ್ಕೆ ಇಳಿಯುತ್ತದೆ. ಹೊಗೆಯ ವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ಅಣು, ದ್ರವ ತೆಳುವಾದಾಗ ಮೇಲ್ಮೈಗೆ ಬರುತ್ತದೆ ಎಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ನೀರು ಬೆರೆಸಿದರೆ ವಿಸ್ಕಿ ಕೆಟ್ಟಿತು ಎನ್ನುವವರಿಗೆ ಇದನ್ನು ಹೇಳಿ. ಆದರೆ ಕೊಳವೆಬಾವಿಯ ಗಡಸು ನೀರಾಗಲಿ, ಕ್ಲೋರಿನ್ ವಾಸನೆಯ ನಲ್ಲಿ ನೀರಾಗಲಿ ಬೇಡ. ವಾಸನೆಯಿಲ್ಲದ ಕ್ಯಾನ್ ನೀರು ಸಾಕು.

ಒಗ್ಗರಣೆ-ಮಿರ್ಚಿ ತಟ್ಟೆಯನ್ನು ಸ್ವಲ್ಪ ಹೊತ್ತು ದೂರವಿಡಿ. ಮೆಣಸಿನಕಾಯಿ ತಾಗಿದ ನಾಲಿಗೆಗೆ ಇದ್ಯಾವುದೂ ತಿಳಿಯುವುದಿಲ್ಲ. ಹುರಿದ ಶೇಂಗಾ ಆಗಬಹುದು, ಉಪ್ಪು ಕಡಿಮೆ ಇರಲಿ. ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಾದರೆ ಬಾಟಲಿ ತೆರೆಯುವ ಮೊದಲು ನಿಮ್ಮ ವೈದ್ಯರನ್ನು ಕೇಳಲೇಬೇಕು.

ಪ್ರಶ್ನೆ: ಬಳ್ಳಾರಿಯ ಬೇಸಿಗೆಯಲ್ಲಿ ಐಸ್ ಇಲ್ಲದೆ ಹೇಗೆ ಸಾಧ್ಯ?
– ಓದುಗರು, ಕೌಲ್ ಬಜಾರ್

ಉತ್ತರ: ನ್ಯಾಯವಾದ ಪ್ರಶ್ನೆ. ಐಸ್ ಇಲ್ಲದೆ ಕುಡಿಯಿರಿ ಎನ್ನುವ ಸಲಹೆ ತಂಪು ನಾಡಿನ ಕೋಣೆಗಳಿಗೆ ಹೊಂದುವಂಥದ್ದು. ನಮ್ಮಲ್ಲಿ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆ ಸೆಕೆಗೆ ಆಲ್ಕೋಹಾಲ್ ಬೇಗ ಆವಿಯಾಗಿ ಉಳಿದ ಸುವಾಸನೆಯನ್ನೆಲ್ಲ ಮುಚ್ಚಿಬಿಡುತ್ತದೆ. ಆದರೆ ಲೋಟದ ತುಂಬ ಐಸ್ ಹಾಕಿದರೆ ಸುವಾಸನೆ ಏಳುವುದೇ ಇಲ್ಲ, ನಾಲಿಗೆಯೂ ಜೋಮು ಹಿಡಿಯುತ್ತದೆ. ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಮಣ್ಣಿನ ಮಡಕೆಯಲ್ಲಿ ತಣಿದ ನೀರನ್ನು ಬೆರೆಸಿ. ರುಚಿ ನೋಡಿದ ಮೇಲೆ ಸೋಡಾ ಹಾಕಿಕೊಂಡರೆ ನನ್ನ ಆಕ್ಷೇಪವಿಲ್ಲ.

ಪ್ರಶ್ನೆ: ಬಣ್ಣ ಗಾಢವಾದಷ್ಟೂ ವಿಸ್ಕಿ ಹಳೆಯದೇ?
– ಓದುಗರು, ಗಂಗಾವತಿ

ಉತ್ತರ: ಅಲ್ಲ. ಬಣ್ಣಕ್ಕೆ ಕ್ಯಾರಮೆಲ್ (ಸುಟ್ಟ ಸಕ್ಕರೆಯ ಬಣ್ಣ) ಸೇರಿಸಲು ಕಾನೂನಿನ ಅನುಮತಿ ಇದೆ. ಲೇಬಲ್ಲಿನ ಮೇಲೆ 12 ವರ್ಷ ಎಂದಿದ್ದರೆ ಅದು ಬಾಟಲಿಯಲ್ಲಿರುವ ಅತ್ಯಂತ ಕಿರಿಯ ವಿಸ್ಕಿಯ ವಯಸ್ಸು. ಬಾಟಲಿಯಲ್ಲಿ ಅದು ಮತ್ತೆ ಮಾಗುವುದಿಲ್ಲ. ಅರ್ಧ ಖಾಲಿಯಾದದ್ದನ್ನು ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಟ್ಟು, ಕೆಲವು ತಿಂಗಳೊಳಗೆ ಮುಗಿಸಿ.