ಅಭ್ಯರ್ಥಿಗೆ ತಿಳಿಸದೆ ನನ್ನ ಹಣದಲ್ಲಿ ಪ್ರಚಾರ ಮಾಡಿದರೆ ಅದು ಅವರ ವೆಚ್ಚಕ್ಕೆ ಸೇರುತ್ತದೆಯೇ?

ನಿಮ್ಮ ಈ ‘ತಿಳಿಸದೆ’ ಎಂಬ ಜಾಣತನವೇ ನನ್ನನ್ನು ಕೋರ್ಟ್ ಮೆಟ್ಟಿಲು ಹತ್ತಿಸಿತು. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಕಾಕಾನ ಮಗ ಬೀದರ್ ಜಿಲ್ಲೆಯ ಒಂದು ಕ್ಷೇತ್ರದಲ್ಲಿ ಪಕ್ಷೇತರನಾಗಿ ನಿಂತಿದ್ದ. ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಅದರ ಕಾಲು ಭಾಗವೂ ಅವನ ಬಳಿ ಇರಲಿಲ್ಲ. ತೊಗರಿ ಮಾರಿದ ದುಡ್ಡು ನನ್ನ ಕೈಯಲ್ಲಿತ್ತು. ಹುಮನಾಬಾದಿನಲ್ಲಿ ಅವನ ಫೋಟೊ, ಚಿಹ್ನೆ ಹಾಕಿಸಿ ಕರಪತ್ರ ಮುದ್ರಿಸಿದೆ, ಆಟೊಗಳಿಗೆ ಧ್ವನಿವರ್ಧಕ ಕಟ್ಟಿಸಿ ಹಳ್ಳಿಗಳಿಗೆ ಬಿಟ್ಟೆ. ಅವನಿಗೆ ಬೇಕೆಂದೇ ಹೇಳಲಿಲ್ಲ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಂ ಪ್ರಕಾರ ಅಭ್ಯರ್ಥಿ ಲೆಕ್ಕ ಇಡಬೇಕಾದದ್ದು ತಾನು ಅಥವಾ ತನ್ನ ಚುನಾವಣಾ ಏಜೆಂಟ್ ಮಾಡಿದ, ಇಲ್ಲವೇ ಒಪ್ಪಿಗೆ ಕೊಟ್ಟ ಖರ್ಚಿಗೆ. ಒಪ್ಪಿಗೆಯೇ ಇಲ್ಲದ ಮೇಲೆ ಯಾರ ಲೆಕ್ಕವೂ ಅಲ್ಲ ಎಂದುಕೊಂಡೆ. ಓದಿದ್ದು ಅರ್ಧ. ಅಭ್ಯರ್ಥಿಯ ಲಿಖಿತ ಅನುಮತಿಯಿಲ್ಲದೆ ಅವನ ಪರ ಜಾಹೀರಾತು, ಕರಪತ್ರ, ಸಭೆ ಯಾವುದಕ್ಕೆ ಖರ್ಚು ಮಾಡಿದರೂ ಅದೇ ಒಂದು ಅಪರಾಧ: ಆಗ ಐಪಿಸಿ 171ಎಚ್, ಈಗ ಭಾರತೀಯ ನ್ಯಾಯ ಸಂಹಿತೆಯ 176. ಅಂದರೆ ಒಪ್ಪಿಗೆ ಇದ್ದರೆ ಅವನ ಲೆಕ್ಕಕ್ಕೆ, ಇಲ್ಲದಿದ್ದರೆ ನಮ್ಮ ತಲೆಗೆ. ನಡುವೆ ನುಸುಳಲು ಸಂದಿಯೇ ಇಲ್ಲ. ಹತ್ತು ರೂಪಾಯಿಯೊಳಗಿನ ಖರ್ಚಿಗೆ ಮಾತ್ರ ಹತ್ತು ದಿನದೊಳಗೆ ಲಿಖಿತ ಒಪ್ಪಿಗೆ ಪಡೆದು ಪಾರಾಗಬಹುದು; ಹೊಸ ಸಂಹಿತೆಯಲ್ಲಿಯೂ ಆ ಮೊತ್ತ ಹತ್ತೇ, ಒಂದು ಕಪ್ ಚಹಾದ ಬೆಲೆ!

ವಿಚಕ್ಷಣ ದಳದವರು ಆಟೊ ತಡೆದರು. ಚುನಾವಣಾಧಿಕಾರಿಯ ನೋಟಿಸ್ ಹೋದದ್ದು ನನಗಲ್ಲ, ಅವನಿಗೆ. ‘ಇದು ನನ್ನದಲ್ಲ, ನನಗೆ ಗೊತ್ತೂ ಇಲ್ಲ’ ಎಂದು ಬರೆದುಕೊಟ್ಟ. ಅವನು ಹೇಳಿದ್ದು ಖರೆ. ಪ್ರಕರಣ ನನ್ನ ಮೇಲೆ ದಾಖಲಾಯಿತು. ದಂಡ 500 ರೂಪಾಯಿ, ವಕೀಲರ ಫೀಸು ಅದರ ಹಲವು ಪಟ್ಟು. ಆ ವರ್ಷದ ಎಳ್ಳಮಾವಾಸ್ಯೆಗೆ ಕಾಕಾನ ಮನೆಯವರು ತಮ್ಮ ಹೊಲದ ಭಜ್ಜಿ ಊಟಕ್ಕೆ ನಮ್ಮ ಮನೆಯವರನ್ನು ಕರೆಯಲಿಲ್ಲ. ಈಗ ದಂಡದ ಮಿತಿ ಹತ್ತು ಸಾವಿರ.

ಅಭ್ಯರ್ಥಿಯ ಜೊತೆ ಸಮಾಲೋಚಿಸದ ‘ಸ್ವತಂತ್ರ ಖರ್ಚಿಗೆ’ ಮಿತಿಯಿಲ್ಲ ಎಂಬುದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿದ ಮಾತು. ನೀವು ಕೇಳಿಸಿಕೊಂಡದ್ದು ಬಹುಶಃ ಅದನ್ನೇ. ಕಲಬುರಗಿಯಲ್ಲಿ ಅದು ನಡೆಯುವುದಿಲ್ಲ. ಹಣವಿದ್ದರೆ ನಿಮ್ಮ ಅಭ್ಯರ್ಥಿ ಚುನಾವಣೆಗೆಂದು ತೆರೆದ ಬ್ಯಾಂಕ್ ಖಾತೆಗೆ ಚೆಕ್ ಹಾಕಿ, ಖರ್ಚನ್ನು ಅವರೇ ಮಾಡಲಿ. ಕರಪತ್ರ ಹೊರಡಿಸುವ ಹಟವೇ ಇದ್ದರೆ ಮೊದಲು ಅವರಿಂದ ಅನುಮತಿ ಪತ್ರ ಬರೆಸಿಕೊಳ್ಳಿ, ಪ್ರತಿಯ ಕೆಳಗೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಹಾಕಿಸಿ, ಬಿಲ್ಲನ್ನು ಅಂದೇ ಅವರ ಏಜೆಂಟರ ಕೈಗೆ ಕೊಡಿ.