ಆಪರೇಷನ್ ಮುಗಿದ ಮೇಲೆ ಸ್ನಾಯುಗಳಿಗೆ ಶಕ್ತಿ ವಾಪಸ್ ಬಂದಿದೆ ಅಂತ ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ?

ಪಿತ್ತಕೋಶದ ಆಪರೇಷನ್ ಮುಗಿದು ಎಚ್ಚರವಾದಾಗ ಸುತ್ತಲಿನವರ ಮಾತೆಲ್ಲ ಕೇಳಿಸುತ್ತಿತ್ತು, ಆದರೆ ಕಣ್ಣು ಬಿಡಲು, ಕೈ ಎತ್ತಲು ಆಗಲಿಲ್ಲ ಎಂದು ಬರೆದಿದ್ದೀರಿ. ಮನೆಯವರು "ಅದೆಲ್ಲ ಮಂಪರು" ಅಂದರಂತೆ. ಮಂಪರೇ ಇರಬೇಕೆಂದಿಲ್ಲ. ನಾನು ಅರಿವಳಿಕೆ ಡಾಕ್ಟರ್. ನೀವು ಹೇಳುತ್ತಿರುವುದು ನಮಗೆ ಚೆನ್ನಾಗಿ ಗೊತ್ತಿರುವ ತೊಂದರೆಯ ಹಾಗೆಯೇ ಇದೆ.

ಪೂರ್ತಿ ಅನಸ್ತೇಶಿಯಾ ಅಂದರೆ ಒಂದೇ ಇಂಜೆಕ್ಷನ್ ಅಲ್ಲ. ನಿದ್ದೆಗೆ ಒಂದು ಔಷಧ, ನೋವಿಗೆ ಒಂದು, ಸ್ನಾಯು ಸಡಿಲವಾಗಲು ಇನ್ನೊಂದು. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬುತ್ತಾರಲ್ಲ, ಆಗ ಹೊಟ್ಟೆಯ ಸ್ನಾಯು ಬಿಗಿಯಾಗಿದ್ದರೆ ಸರ್ಜನ್‌ಗೆ ಜಾಗವೇ ಸಿಗುವುದಿಲ್ಲ. ಸಡಿಲ ಮಾಡುವ ಔಷಧ ನಿದ್ದೆ ತರುವುದಿಲ್ಲ. ನಿದ್ದೆಯ ಔಷಧ ಮೊದಲು ಇಳಿದು ಇದು ಇನ್ನೂ ಸ್ವಲ್ಪ ಉಳಿದಿದ್ದರೆ ನಿಮಗಾದ ಹಾಗೆ ಆಗುತ್ತದೆ.

ಎಷ್ಟು ಉಳಿದಿದೆ ಎಂದು ನೋಡುವುದು ಹೆಬ್ಬೆರಳಿನಲ್ಲಿ. ಮೊಣಕೈ ಎಲ್ಲಾದರೂ ತಾಗಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುತ್ತದೆ ಅಲ್ವಾ? ಅದೇ ನರ ಮಣಿಕಟ್ಟಿನಲ್ಲೂ ಹಾದುಹೋಗುತ್ತದೆ. ಅಲ್ಲಿ ಎರಡು ಸ್ಟಿಕ್ಕರ್ ಅಂಟಿಸಿ, ಅರ್ಧ ಅರ್ಧ ಸೆಕೆಂಡಿಗೆ ಒಂದರಂತೆ ನಾಲ್ಕು ಸಲ ಸಣ್ಣ ಕರೆಂಟ್ ಕೊಡುತ್ತೇವೆ. ಹೆಬ್ಬೆರಳು ನಾಲ್ಕು ಸಲ ಅದುರಬೇಕು. ಔಷಧ ಪೂರ್ತಿ ಹಿಡಿದಿದ್ದರೆ ಒಂದೂ ಅದುರುವುದಿಲ್ಲ. ಇಳಿಯುತ್ತಾ ಬಂದಂತೆ ಮೊದಲು ಒಂದು, ಆಮೇಲೆ ಎರಡು, ಹೀಗೆ ನಾಲ್ಕೂ ಕಾಣಿಸಿಕೊಳ್ಳುತ್ತವೆ. ಆದರೆ ನಾಲ್ಕನೆಯದು ಮೊದಲನೆಯದಕ್ಕಿಂತ ಸೋತಿರುತ್ತದೆ. ನಾಲ್ಕನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅಂಕಿಯೇ ನಮಗೆ ಬೇಕಾದದ್ದು. 1970ರಲ್ಲಿ ಅಲಿ, ಅಟಿಂಗ್, ಗ್ರೇ ಎಂಬ ಮೂವರು ಈ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಅದೇ ನಡೆಯುತ್ತಿದೆ. ಓದುವಾಗ ಸುಮ್ನೆ ಕುತೂಹಲಕ್ಕೆ ನನ್ನ ಕೈಗೇ ಹಚ್ಚಿಕೊಂಡು ನೋಡಿದ್ದೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಎನ್ನುತ್ತದೆ. ಅದಕ್ಕೇ ರೋಗಿಗೆ ಎಚ್ಚರವಾಗುವ ಮೊದಲೇ ನೋಡಿ ಮುಗಿಸುವುದು ಒಳ್ಳೆಯದು.

ಆ ಅಂಕಿ 0.9 ದಾಟಿದ ಮೇಲೆಯೇ ಉಸಿರಾಟಕ್ಕೆಂದು ಗಂಟಲೊಳಗೆ ಹಾಕಿದ ಟ್ಯೂಬ್ ತೆಗೆಯಬೇಕು. ತೊಂದರೆ ಏನೆಂದರೆ, 0.4 ದಾಟಿದರೆ ಸಾಕು, ಬರೀ ಕಣ್ಣಿಗೆ ನಾಲ್ಕೂ ಅದುರು ಒಂದೇ ಥರ ಕಾಣುತ್ತವೆ. ಕೈಯಿಂದ ಮುಟ್ಟಿ ನೋಡಿದರೂ ಅಷ್ಟೇ. ಎಷ್ಟು ಅನುಭವ ಇದ್ದರೂ ಪ್ರಯೋಜನವಿಲ್ಲ. 0.4ರಿಂದ 0.9ರ ನಡುವೆ ಇರುವವರನ್ನು ಅಂಕಿ ತೋರಿಸುವ ಮಾನಿಟರ್ ಮಾತ್ರ ಹಿಡಿದುಕೊಡುತ್ತದೆ. ಅಂಥ ಮಾನಿಟರ್ ಬಳಸಿ ಎಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರ ಮಾರ್ಗಸೂಚಿಯಲ್ಲಿ ಹೇಳಿತು. ನಮ್ಮ ಕಡೆ ಎಷ್ಟೋ ಓಟಿಗಳಲ್ಲಿ ಈಗಲೂ "ತಲೆ ಎತ್ತಿ, 5 ಸೆಕೆಂಡ್ ಹಿಡೀರಿ, ಕೈ ಗಟ್ಟಿಯಾಗಿ ಒತ್ತಿ" ಎಂದೇ ನೋಡುವುದು. 0.9 ಮುಟ್ಟದವರೂ ತಲೆ ಎತ್ತಿಬಿಡುತ್ತಾರೆ.

ಪಿಜಿ ಮಾಡುತ್ತಿದ್ದಾಗ ನಾನೇ ಹೀಗೆ ಮೋಸಹೋಗಿದ್ದೇನೆ. ಆ ಹೆಂಗಸು ತಲೆ ಎತ್ತಿದರು, ಉಸಿರಾಟವೂ ಚೆನ್ನಾಗಿತ್ತು, ಟ್ಯೂಬ್ ತೆಗೆದೆ. ರಿಕವರಿ ರೂಮಿಗೆ ಬಂದು ಹತ್ತು ನಿಮಿಷಕ್ಕೆ ಆಕ್ಸಿಜನ್ ಇಳಿಯತೊಡಗಿತು. ಗದ್ದ ಎತ್ತಿ ಹಿಡಿದು, ಮಾಸ್ಕ್ ಹಾಕಿ ಉಸಿರು ಕೊಡುತ್ತಾ ಕೂತೆ. ವಪೆಗೆ, ಅಂದರೆ ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಿಗೆ, ಹೆಬ್ಬೆರಳಿಗಿಂತ ಬೇಗ ಶಕ್ತಿ ಬರುತ್ತದೆ, ಹಾಗಾಗಿ ಉಸಿರಾಟ ನೋಡಿದರೆ ಎಲ್ಲ ಸರಿ ಎನಿಸುತ್ತದೆ. ಗಂಟಲಿನ ಸ್ನಾಯುಗಳು ಮಾತ್ರ ಇನ್ನೂ ಸೋತಿರುತ್ತವೆ. ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚಬಹುದು, ಎಂಜಲು ಶ್ವಾಸಕೋಶಕ್ಕೆ ಇಳಿಯಬಹುದು. ಮರುದಿನ ಅವರು ಹೇಳಿದ ಮಾತು ಮರೆತಿಲ್ಲ: "ನೀವು ಹೆಸರು ಹಿಡಿದು ಕೂಗ್ತಿದ್ದಿದ್ದು ಕೇಳಿಸ್ತಿತ್ತು ಡಾಕ್ಟ್ರೇ, ಓ ಅನ್ನೋಕೆ ಆಗ್ಲಿಲ್ಲ."

"ಶಕ್ತಿ ವಾಪಸ್ ತರುವ ಇಂಜೆಕ್ಷನ್ ಇಲ್ಲವೇ" ಎಂದೂ ಕೇಳಿದ್ದೀರಿ. ಇದೆ, ಸಾಮಾನ್ಯವಾಗಿ ನಿಯೋಸ್ಟಿಗ್ಮಿನ್. ಆದರೆ ಔಷಧ ಇನ್ನೂ ಜಾಸ್ತಿ ಹಿಡಿದಿರುವಾಗ ಕೊಟ್ಟರೆ ಅದರಿಂದ ಕೆಲಸವಾಗುವುದಿಲ್ಲ. ನಾಲ್ಕೂ ಅದುರು ಬಂದ ಮೇಲೆ ಕೊಡಬೇಕು, ಕೊಟ್ಟಮೇಲೂ ಕಾಯಬೇಕು. ಸರ್ಜನ್ ಹೊಲಿಗೆ ಮುಗಿಸಿ, ಮುಂದಿನ ರೋಗಿ ಬಾಗಿಲಲ್ಲಿ ಕಾಯುತ್ತಿರುವಾಗ ಈ ಕಾಯುವುದೇ ಕಷ್ಟದ ಕೆಲಸ. ಸುಗಮಡೆಕ್ಸ್ ಎಂಬ ಹೊಸ ಔಷಧವೂ ಬಂದಿದೆ. ಸ್ನಾಯು ಸಡಿಲಿಸಲು ರೊಕುರೋನಿಯಂ ಅಥವಾ ವೆಕುರೋನಿಯಂ ಕೊಟ್ಟಿದ್ದರೆ ಅದನ್ನು ರಕ್ತದಲ್ಲೇ ಹಿಡಿದು ಕಟ್ಟಿಹಾಕುತ್ತದೆ, ನಿಮಿಷಗಳಲ್ಲಿ ಶಕ್ತಿ ಬರುತ್ತದೆ. ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಜಾಸ್ತಿ. ಇಲ್ಲಿ ತುಂಬ ಬಳಸುವ ಅಟ್ರಾಕ್ಯೂರಿಯಂ ಮೇಲೆ ಅದು ಕೆಲಸ ಮಾಡುವುದೇ ಇಲ್ಲ.

ಕೊನೆಗೆ, "ಆಪರೇಷನ್‌ಗೆ ಮೊದಲು ನೀವು ಆರ್ಯವೈಶ್ಯರಾ ಎಂದು ಕೇಳಿದರು, ಜಾತಿ ಯಾಕೆ ಬೇಕಿತ್ತು" ಎಂದು ಸಿಟ್ಟಾಗಿದ್ದೀರಿ. ನನ್ನ ಮೇಲೂ ಜನ ರೇಗಿದ್ದಾರೆ. ವಿಷಯ ಇಷ್ಟೇ. ಸ್ನಾಯು ಸಡಿಲಿಸುವ ಸ್ಕೋಲೀನ್ ಎಂಬ ಇನ್ನೊಂದು ಔಷಧವನ್ನು ರಕ್ತದಲ್ಲಿರುವ ಒಂದು ಕಿಣ್ವ ಕರಗಿಸುತ್ತದೆ. ಸಾಮಾನ್ಯವಾಗಿ ಆ ಔಷಧ ಹತ್ತು ನಿಮಿಷದೊಳಗೆ ಇಳಿಯುತ್ತದೆ. ಆ ಕಿಣ್ವದ ಕೊರತೆ ಆರ್ಯವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಹೆಚ್ಚಾಗಿ ಕಾಣುತ್ತದೆ. ಕೊರತೆ ಇರುವವರಿಗೆ ಸ್ಕೋಲೀನ್ ಕೊಟ್ಟರೆ ಗಂಟೆಗಟ್ಟಲೆ ಇಳಿಯುವುದಿಲ್ಲ. ಅಷ್ಟು ಹೊತ್ತು ನಿದ್ದೆಯಲ್ಲೇ ಇಟ್ಟು ವೆಂಟಿಲೇಟರ್‌ನಲ್ಲಿ ಉಸಿರು ಕೊಡಬೇಕಾಗುತ್ತದೆ. ಮೊದಲೇ ಗೊತ್ತಿದ್ದರೆ ಆ ಔಷಧದ ತಂಟೆಗೇ ಹೋಗುವುದಿಲ್ಲ.

ನಿಮಗೆ ಯಾವ ಔಷಧ ಕೊಟ್ಟಿದ್ದರು ಎಂಬುದು ಅನಸ್ತೇಶಿಯಾ ಚಾರ್ಟಿನಲ್ಲಿ ಇರುತ್ತದೆ. ಅದರ ಒಂದು ಜೆರಾಕ್ಸ್ ಕೇಳಿ ಇಸಿದುಕೊಳ್ಳಿ. ಸ್ಕೋಲೀನ್ ಕೊಟ್ಟಿದ್ದರೆ ಆ ಕಿಣ್ವದ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಅಲ್ಲಿನ ಡಾಕ್ಟರನ್ನೇ ಕೇಳಿ. ಕೊರತೆ ಇದೆ ಎಂದು ಬಂದರೆ ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರಿಗೂ ಪರೀಕ್ಷೆ ಮಾಡಿಸಬೇಕಾಗುತ್ತದೆ.